ಮೆಲುಕು ಹಾಕುವವರೆಗೆ

ಗಂಗಾವತಿ ಕಡೆಯಿಂದ ಬಂದ ಗೂಡ್ಸ್ ಟೆಂಪೋದ ಹಿಂದಿನ ಬಾಗಿಲು ತೆಗೆದಾಗ ಮೊದಲು ಬಂದದ್ದು ವಾಸನೆ, ಆಮೇಲೆ ಕೂಗು. ಒಂಬತ್ತು ಕುರಿಮರಿಗಳು ಹಳೆಯ ಕಂಬಳಿಯ ಮೇಲೆ ಒಂದರ ಮೈಮೇಲೊಂದು ಬಿದ್ದುಕೊಂಡಿದ್ದವು. ಒಂದಕ್ಕೂ ತಾಯಿ ಇರಲಿಲ್ಲ. ಕಾಲುವೆ ಸೀಮೆಯಲ್ಲಿ ಭತ್ತ ಕೊಯ್ದ ಗದ್ದೆಗಳಿಗೆ ಹಿಂಡು ಹೊಡೆದುಕೊಂಡು ಹೋದಾಗ, ಅಲ್ಲಿ ಉದುರಿದ್ದ ಕಾಳನ್ನು ಮಿತಿಮೀರಿ ತಿಂದು ತಾಯಿಕುರಿಗಳು ಹೊಟ್ಟೆ ಉಬ್ಬಿ ಸತ್ತಿದ್ದವು. ಹಿಂಡಿನ ಹಿಂದೆ ನಡೆಯಲಾರದ ಈ ಮರಿಗಳನ್ನು ಗಂಡಸರು ಊರಿಗೆ ಕಳಿಸಿಬಿಟ್ಟಿದ್ದರು. ಊರೆಂದರೆ ಇರಕಲ್ಲಗಡದ ಹತ್ತಿರದ ನಮ್ಮ ಸಣ್ಣ ಹಳ್ಳಿ.

ನಾನು ಈ ಊರಿನ ಪಶು ಸಖಿ. ಡಾಕ್ಟರಲ್ಲ, ಡಾಕ್ಟರಿಗೂ ದನಕುರಿಗಳಿಗೂ ನಡುವೆ ಓಡಾಡುವ ಹೆಂಗಸು. ಜಂತಿನ ಔಷಧಿ ಕುಡಿಸುವುದು, ಗಾಯ ತೊಳೆಯುವುದು, ಲಸಿಕೆಯ ದಿನ ಊರವರನ್ನೆಲ್ಲ ಎಬ್ಬಿಸಿ ತರುವುದು ನನ್ನ ಕೆಲಸ. ಕರೆಯದಿದ್ದರೂ ಹೋಗಿ ಇಣುಕುವುದು ನನ್ನ ಸ್ವಭಾವ. ಅವತ್ತೂ ಯಾರೂ ಕರೆದಿರಲಿಲ್ಲ. ಗಾಡಿ ನಿಂತದ್ದು ಕಂಡು ಹೋದೆ.

ಗಾಡಿ ನಿಂತಿದ್ದ ಕುರಿಗಾರರ ಮನೆಯಲ್ಲಿ ಆಗ ಇದ್ದವರು ಇಬ್ಬರೇ, ಅತ್ತೆ ಮತ್ತು ಸೊಸೆ. ಅತ್ತೆ ಬೆಳಗಿನಿಂದ ಸಂಜೆಯವರೆಗೆ ಎಲೆ-ಅಡಿಕೆ ಜಗಿಯುತ್ತ, ಜಗಿಯುತ್ತಲೇ ಮನೆ ಆಳುವ ಹಿರಿಯ ಜೀವ. ಸೊಸೆ ಕುಷ್ಟಗಿ ಕಡೆಯವಳು. ಮಾತು ಕಡಿಮೆ, ಕೈ ಚುರುಕು. ಮರಿಗಳನ್ನು ಒಂದೊಂದಾಗಿ ಎತ್ತಿ ಇಳಿಸುತ್ತಿದ್ದ ಸೊಸೆಯನ್ನು ನೋಡುತ್ತ ಅತ್ತೆ ಅಂದರು: "ನೋಡವಾ, ತಬ್ಬಲಿ ಮರಿ ಅಂದ್ರ ಸಾಕಿದಾಕಿವು. ನಮ್ಮ ಮನ್ಯಾಗ ಮೊದಲಿಂದ ಹಂಗ ಐತಿ. ಆದ್ರ ಮೆಲುಕ ಹಾಕಿದ ಮ್ಯಾಲ ಅವು ನಿನ್ನವು. ಅಲ್ಲಿಮಟ ದೇವ್ರವು."

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕುರಿಗಾರರ ಹಿಂಡಿನಲ್ಲಿ ಪ್ರತಿ ಕುರಿಯ ಕಿವಿಯಲ್ಲೂ ಆ ಮನೆಯ ಗುರುತು ಕೊಯ್ದಿರುತ್ತಾರೆ. ಈ ಮನೆಯದು ಎಡಗಿವಿಯ ತುದಿಯಲ್ಲೊಂದು ಕಚ್ಚು. ಬಾಟಲಿ ಹಾಲಿನ ಮರಿ ಇವತ್ತು ಕುಣಿಯುತ್ತದೆ, ನಾಳೆ ಬೆಳಗ್ಗೆ ಕಾಲು ಚಾಚಿರುತ್ತದೆ. ಹಾಗಾಗಿ ಅದು ಮೇವು ತಿಂದು, ಮಲಗಿ, ತಿಂದದ್ದನ್ನು ಮತ್ತೆ ಬಾಯಿಗೆ ತಂದು ಜಗಿಯುವವರೆಗೆ ಅದನ್ನು ಯಾರೂ ತಮ್ಮದೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕಿವಿಗೆ ಕತ್ತಿ ಮುಟ್ಟಿಸುವುದಿಲ್ಲ.

ಬಾಟಲಿ ತೊಳೆಯುವಾಗ ಸೊಸೆ ನನ್ನ ಹತ್ತಿರ ಮೆಲ್ಲಗೆ ಹೇಳಿದಳು: "ಅಕ್ಕಾರ, ಈ ಮನ್ಯಾಗ ನಂದು ಅಂತ ಇರೂದು ಒಂದು ಟ್ರಂಕ್ ರೀ. ಅದಕ್ಕೂ ಕೀಲಿ ಇಲ್ಲ." ಆಮೇಲೆ ಮರಿಗಳ ಕಡೆ ನೋಡಿ ನಕ್ಕಳು. ಆ ನಗು ನೋಡಿದ ಮೇಲೆ ಈ ಮರಿಗಳನ್ನು ಉಳಿಸಲೇಬೇಕು ಎಂಬ ಹಟ ನನಗೂ ಹತ್ತಿತು.

ಮೊದಮೊದಲು ಎಲ್ಲ ಸಲೀಸಾಗಿಯೇ ಇತ್ತು. ಮನೆಯಲ್ಲಿ ಎಮ್ಮೆ ಇತ್ತು. ಕುರಿಯ ಹಾಲು ಗಟ್ಟಿ, ಎಮ್ಮೆಯದೂ ಗಟ್ಟಿ, ಆದ್ದರಿಂದ ನೀರು ಬೆರೆಸದೆ, ಉಗುರುಬೆಚ್ಚಗೆ ಮಾಡಿ ಕೊಡುವುದೆಂದು ತೀರ್ಮಾನಿಸಿದೆವು. ಬಾಟಲಿಯನ್ನು ಎತ್ತರಕ್ಕೆ ಹಿಡಿದರೆ ಮರಿ ಕತ್ತು ಮೇಲೆತ್ತಿ, ಬಾಲ ಪಟಪಟ ಬಡಿಯುತ್ತ ಎಳೆಯುತ್ತಿತ್ತು. ಎಮ್ಮೆ ತುಳಿದೀತೆಂದು ಮರಿಗಳಿಗೆ ಮನೆಯ ಪಕ್ಕದ ಕೋಣೆ ಬಿಟ್ಟುಕೊಟ್ಟರು. ಸೊಸೆ ಅದನ್ನು ದಿನಾ ಸಾರಿಸಿದಳು, ಹಿಕ್ಕೆ ಬಿದ್ದ ಕೂಡಲೇ ಬಳಿದಳು, ಕಿಟಕಿಗೆ ಗೋಣಿಚೀಲ ಕಟ್ಟಿದಳು, ಸಂಜೆ ಲೋಬಾನದ ಹೊಗೆ ಹಾಕಿದಳು. ಅತ್ತೆ ಬಂದವರಿಗೆಲ್ಲ ಕರೆದು ತೋರಿಸುತ್ತಿದ್ದರು: "ನಮ್ಮ ಸೊಸಿ ಮರಿ ಸಾಕೂದು ನೋಡ್ರಿ. ಬಾಣಂತಿ ಕ್ವಾಣಿ ಮಾಡ್ಯಾಳ."

ನಿಜಕ್ಕೂ ಅದು ಬಾಣಂತಿ ಕೋಣೆಯೇ ಆಗಿತ್ತು. ಗಾಳಿ ಇಲ್ಲ, ಧೂಳಿಲ್ಲ, ಒಂದು ಎಲೆಯ ಚೂರೂ ಇಲ್ಲ. ನೀರಿನ ಬೋಗುಣಿ ಎಲ್ಲಿ ಅಂತ ನಾನು ಕೇಳಿದಾಗ ಅತ್ತೆಗೆ ಆಶ್ಚರ್ಯವಾಯಿತು. "ಹಾಲ ಕುಡಿಯೂ ಕೂಸಿಗೆ ತಣ್ಣೀರ ಕೊಡ್ತಾರೇನವಾ? ಥಂಡಿ ಆಕ್ಕತಿ." ಹಾಲಿನಲ್ಲೇ ನೀರಿರುತ್ತದಲ್ಲ ಎಂದು ನನಗೂ ಅನಿಸಿತು.

ಮರಿಗಳು ಕೋಣೆಯ ತುಂಬ ಜಿಗಿಯತೊಡಗಿದ ಮೇಲೆ ನಾನು ಮೇವಿನ ಮಾತೆತ್ತಿದೆ. ತಾಯಿಯ ಜೊತೆ ಕುರಿದಡ್ಡಿಯಲ್ಲಿ ಬೆಳೆದ ಮರಿ ಈ ವಯಸ್ಸಿಗೆ ಎಲೆ ಕಡಿಯುತ್ತಿರುತ್ತದೆ. ನಾನು ಬನ್ನಿ ಸೊಪ್ಪು ತಂದೆ, ತೊಗರಿ ಹೊಟ್ಟು ತಂದೆ, ಬುಟ್ಟಿಯಲ್ಲಿ ಹಾಕಿ ನಡುಮಧ್ಯೆ ಇಟ್ಟೆ. ಮರಿಗಳು ಬುಟ್ಟಿಯ ಸುತ್ತ ತಿರುಗಿದವು, ಮೂಸಿದವು. ಒಂದು ಅದರೊಳಗೇ ಹತ್ತಿ ಮಲಗಿತು. ಇನ್ನೊಂದು ಉಚ್ಚೆ ಹೊಯ್ದಿತು. ಮಾರನೆಯ ದಿನವೂ ಅದೇ, ಅದರ ಮರುದಿನವೂ ಅದೇ. ಬಾಯಿಗೆ ತುರುಕಿದರೆ ನಾಲಗೆಯಿಂದ ಹೊರಗೆ ನೂಕಿ, ನಾನು ಮೋಸ ಮಾಡಿದವಳೆಂಬಂತೆ ನೋಡುತ್ತಿದ್ದವು.

"ಹುಟ್ಟಿಸಿದ ದೇವರು ಹುಲ್ಲು ಮೇಯಸ್ತಾನೇನವಾ? ದಾರಿ ತೋರಸ್ತಾನ ಬಿಡು," ಎಂದು ಅತ್ತೆ ಸಮಾಧಾನ ಹೇಳಿದರು. ನನಗೆ ನಗು ತಡೆಯಲಾಗಲಿಲ್ಲ. "ಅತ್ತೆಮ್ಮಾ, ಇವಕ್ಕ ಹುಲ್ಲು ಮೇಸಿದ್ರ ಸಾಕಾಗತೈತ್ರಿ," ಅಂದೆ. ಅವರೂ ನಕ್ಕರು. ಆದರೆ ಮನೆಗೆ ನಡೆಯುವಾಗ ನನ್ನ ತಲೆಯಲ್ಲಿ ಅದೇ ಪ್ರಶ್ನೆ ಕೊರೆಯುತ್ತಿತ್ತು. ಮೊಲೆ ಹುಡುಕುವುದನ್ನು ಹುಟ್ಟಿದ ಗಳಿಗೆಯಲ್ಲೇ ಬಲ್ಲ ಪ್ರಾಣಿಗೆ ಎಲೆ ತಿನ್ನುವುದು ಯಾಕೆ ಗೊತ್ತಿಲ್ಲ?

ಒಂದು ಮಧ್ಯಾಹ್ನ ಸೊಸೆ ಓಡೋಡಿ ನಮ್ಮ ಮನೆಗೇ ಬಂದಳು. "ಅಕ್ಕಾರ, ಬರ್ರಿ ಲಗೂನ. ಮೆಲುಕ ಹಾಕಾಕತ್ತೈತಿ!" ಕೈಯಲ್ಲಿ ಬೆಲ್ಲದ ಚೂರು ಹಿಡಿದೇ ಬಂದಿದ್ದಳು, ನನ್ನ ಬಾಯಿಗಿಟ್ಟಳು. ಹೋಗಿ ನೋಡಿದರೆ ಮರಿ ಮಲಗಿದೆ, ಕಣ್ಣು ಅರೆಮುಚ್ಚಿದೆ, ದವಡೆ ಅತ್ತಿತ್ತ ಆಡುತ್ತಿದೆ. ನನಗೂ ಖುಷಿಯೇ ಆಯಿತು. ಆದರೆ ನಾನು ಕತ್ತನ್ನು ನೋಡುತ್ತ ಕೂತೆ. ಮೆಲುಕು ಹಾಕುವ ಕುರಿ ಸ್ವಲ್ಪ ಹೊತ್ತು ಜಗಿದು ನುಂಗುತ್ತದೆ, ಒಂದು ಉಸಿರು ಸುಮ್ಮನಿರುತ್ತದೆ, ಆಮೇಲೆ ಕತ್ತಿನಲ್ಲಿ ಉಂಡೆಯೊಂದು ಕೆಳಗಿನಿಂದ ಮೇಲಕ್ಕೆ ಏರುವುದು ಕಾಣುತ್ತದೆ. ಇದರ ಕತ್ತಿನಲ್ಲಿ ಏನೂ ಏರಲಿಲ್ಲ, ಇಳಿಯಲಿಲ್ಲ. ಬಾಯಿಗೆ ಬೆರಳು ಹಾಕಿದೆ. ಬಂದದ್ದು ಉಣ್ಣೆ, ಜೊಲ್ಲಿನಲ್ಲಿ ನೆನೆದ ಉಣ್ಣೆಯ ಎಳೆಗಳು. ತಿರುಗಿ ನೋಡಿದರೆ ಎರಡು ಮರಿಗಳ ಹಿಂಭಾಗ ಅಲ್ಲಲ್ಲಿ ಬೋಳಾಗಿತ್ತು. ತಿನ್ನಲು ಬೇರೇನೂ ತಿಳಿಯದೆ ಅವು ಒಂದರ ಮೈಯನ್ನೊಂದು ತಿನ್ನುತ್ತಿದ್ದವು.

ನನ್ನ ಬಾಯಲ್ಲಿ ಬೆಲ್ಲ ಇನ್ನೂ ಕರಗಿರಲಿಲ್ಲ.

ಆಮೇಲೆ ನಾನು ಒಂದು ತರಬೇತಿಗೆ ಕೊಪ್ಪಳಕ್ಕೆ ಹೋಗಬೇಕಾಯಿತು. ಅಷ್ಟರಲ್ಲಿ ಮರಿಗಳು ಸೊರಗತೊಡಗಿದ್ದವು. ತಾವಾಗಿ ತಿನ್ನದಿದ್ದರೆ ಹೊಟ್ಟೆಗೆ ನಾವೇ ಇಳಿಸಬೇಕು ಎಂಬುದು ಅತ್ತೆಯ ಲೆಕ್ಕ. ಅದರಲ್ಲಿ ಕೆಟ್ಟ ಬುದ್ಧಿಯೇನೂ ಇರಲಿಲ್ಲ. ಜೋಳದ ನುಚ್ಚಿನ ಗಂಜಿಗೆ ಹಾಲು ಬೆರೆಸಿ, ಔಷಧಿ ಕುಡಿಸುವ ಬಿದಿರಿನ ಗೊಟ್ಟದಲ್ಲಿ ತುಂಬಿ ಎರಡು ಮರಿಗಳ ಗಂಟಲಿಗೆ ಹೊಯ್ದಿದ್ದರು. ನಾನು ಬಂದಾಗ ಆ ಎರಡೂ ಎಡಪಕ್ಕೆ ಹಲಗೆಯಂತೆ ಬಿಗಿದು ನಿಂತಿದ್ದವು. ಎಣ್ಣೆ ಕುಡಿಸಿದೆ, ಪಕ್ಕೆ ನೀವಿದೆ, ಮುಂಗಾಲು ಎತ್ತರದಲ್ಲಿರಿಸಿ ಹಿಡಿದೆ. ಸಂಜೆಗೆ ಒಂದು ಹೋಯಿತು, ಬೆಳಗ್ಗೆ ಇನ್ನೊಂದು.

ಸತ್ತ ಮರಿಗಳಲ್ಲಿ ಒಂದನ್ನು ಗೋಣಿಚೀಲದಲ್ಲಿ ಸುತ್ತಿ ಪಶು ಆಸ್ಪತ್ರೆಗೆ ಒಯ್ದೆ. ಡಾಕ್ಟರು ಹಿಂದಿನ ಬೇವಿನ ಮರದ ಕೆಳಗೆ ಅದನ್ನು ಕೊಯ್ದು ತೋರಿಸಿದರು. ಅಳು ಬಂದಿತ್ತು ನಿಜ. ಆದರೆ ಹೊಟ್ಟೆ ತೆರೆದ ಮೇಲೆ ಅಳು ಎಲ್ಲಿ ಹೋಯಿತೋ, ನಾನು ಬಗ್ಗಿ ಬಗ್ಗಿ ನೋಡತೊಡಗಿದೆ.

ಕುರಿಗೆ ನಾಲ್ಕು ಚೀಲದ ಹೊಟ್ಟೆ ಎಂದು ತರಬೇತಿಯಲ್ಲಿ ಕೇಳಿದ್ದೆ. ದೊಡ್ಡ ಕುರಿಯಲ್ಲಿ ಮೊದಲನೆಯ ಚೀಲ ಹೊಟ್ಟೆಯ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿದಿರುತ್ತದೆ, ಒಳಮೈ ಒರಟು ಟವೆಲ್ಲಿನಂತಿರುತ್ತದೆ. ಈ ಮರಿಯಲ್ಲಿ ಅದು ನನ್ನ ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಒಳಗೆ ನುಣುಪು. ಅದರೊಳಗೆ ಹುಳಿ ನಾರುವ ನೊರೆ ಗಂಜಿ, ಮತ್ತೆ ಎರಡು ಉಣ್ಣೆಯ ಉಂಡೆ.

"ಹಾಲು ಇಲ್ಲಿ ಯಾಕ ಬಂತು ಸರ? ಇಷ್ಟು ದಿನ ಹಾಲು ಕುಡದ್ರೂ ಏನೂ ಆಗಿರಲಿಲ್ಲ," ಅಂದೆ.

ಡಾಕ್ಟರು ಕೈಗವಸಿನ ಬೆರಳಿನಿಂದ ಅನ್ನನಾಳದ ಕೊನೆಯಲ್ಲಿದ್ದ ಒಂದು ಮಡಿಕೆಯನ್ನು ಬಿಡಿಸಿದರು. "ನಿಮ್ಮ ಕಾಲುವಿಗೆ ತೂಬು ಇರ್ತದಲ್ರಿ, ಹಂಗ ಇದು. ಮರಿ ಕತ್ತು ಎತ್ತಿ ಚೀಪಿದ್ರ ಈ ಎರಡೂ ತುಟಿ ಕೂಡಿ ಕೊಳವೆ ಆಗ್ತದ. ಹಾಲು ಮೊದಲನೇ ಚೀಲ ಮುಟ್ಟದಂಗ ನೇರ ಕೊನೇ ಚೀಲಕ್ಕ ಹೋಗ್ತದ. ಅದ ಹಾಲು ಅರಗಿಸೂ ಚೀಲ. ಗೊಟ್ಟದಾಗ ಹೊಯ್ದ್ರ ಚೀಪೂ ಕೆಲಸ ಇಲ್ಲ, ತೂಬು ತಿರುಗೂದಿಲ್ಲ. ಎಲ್ಲಾ ಇಲ್ಲಿ ಬಿದ್ದು ಕೊಳೀತದ."

"ಹಂಗಾದ್ರ ಈ ಚೀಲ ಬೆಳೆಯೂದು ಹೆಂಗ್ರಿ?"

"ಗಟ್ಟಿ ಮೇವು ಬಿದ್ರ ಬೆಳೀತದ. ಮತ್ತ ನೀರು ಬೇಕು. ಹಾಲಿನ ನೀರು ಈ ಚೀಲಕ್ಕ ಬರೂದ ಇಲ್ಲ ನೋಡ್ರಿ. ನೀರಿನ್ಯಾಗ ಮೇವು ನೆನೆದು, ಅದರಾಗ ಕಣ್ಣಿಗೆ ಕಾಣದ ಜೀವ ಹುಟ್ಟಿ ಕೆಲಸ ಶುರು ಆಗಬೇಕು. ಆಮ್ಯಾಲ ಮೆಲುಕು."

ಚೀಲ ಬೆಳೆಯಲು ಮೇವು ಬೇಕು, ಮೇವು ಅರಗಲು ಚೀಲ ಬೆಳೆದಿರಬೇಕು. ನನಗೆ ಇದು ಬಾವಿಗೆ ಇಳಿಯಲು ಬಾವಿಯೊಳಗಿನ ಏಣಿಯೇ ಬೇಕು ಎಂದಂತೆ ಕೇಳಿಸಿತು. "ಹಂಗಾದ್ರ ಮೊದಲನೇ ತುತ್ತು ಯಾರು ತಿನಸ್ತಾರ ಸರ?"

ಡಾಕ್ಟರು ನಕ್ಕರು. "ಅದು ತಾಯಿ ಕೆಲಸ. ಅದಕ್ಕ ನಮ್ಮ ಹತ್ರ ಇಂಜೆಕ್ಷನ್ ಇಲ್ಲ. ಒಂದು ದೊಡ್ಡ ಕುರಿ ಜೋಡಿ ಬಿಡ್ರಿ, ನೋಡಿ ಕಲೀತಾವ."

ದೊಡ್ಡ ಕುರಿ ಎಲ್ಲಿಂದ ತರುವುದು? ಊರಿನ ಹಿಂಡುಗಳೆಲ್ಲ ಕಾಲುವೆ ಸೀಮೆಗೆ ಹೋಗಿದ್ದವು. ಇವರ ಹಿಂಡು ಗಂಗಾವತಿ ದಾಟಿ ಮುಂದೆ ಹೋಗಿದೆ, ಒಂದು ಕುರಿಗಾಗಿ ಗಾಡಿ ಕಳಿಸಲಾಗದು ಎಂದು ಸೊಸೆಯ ಗಂಡ ಫೋನಿನಲ್ಲಿ ಹೇಳಿದ. ಊರಲ್ಲಿ ಉಳಿದ ಎರಡು ಮನೆಯ ಆಡುಗಳಿಗೆ ಬಾಯಿಹುಣ್ಣು ಎದ್ದಿತ್ತು. ಅವುಗಳನ್ನು ಈ ಮರಿಗಳ ಹತ್ತಿರ ಸುಳಿಯಬಿಡಬಾರದೆಂದು ನಾನೇ ಹೇಳಿದ್ದೆ.

ಡಾಕ್ಟರು ಹೇಳಿದ್ದನ್ನೆಲ್ಲ ಇಬ್ಬರಿಗೂ ಹೇಳಿದೆ. ಅತ್ತೆ ಗೊಟ್ಟವನ್ನು ಜಂತಿಯ ಸಂದಿಗೆ ಸಿಕ್ಕಿಸಿ ಬಹಳ ಹೊತ್ತು ಗೋಡೆಗೆ ಒರಗಿ ಕೂತರು, ಎಲೆ-ಅಡಿಕೆ ಕೂಡ ಹಾಕಿಕೊಳ್ಳಲಿಲ್ಲ. ಸೊಸೆ ಬೋಗುಣಿಯಲ್ಲಿ ನೀರು ತಂದಿಟ್ಟಳು. ಏಳೂ ಮರಿಗಳು ಮುಖ ಅದ್ದಿ ಸದ್ದು ಮಾಡುತ್ತ ಕುಡಿದವು. ಹಾಲು ತುಂಬಿಕೊಂಡಿದ್ದ ಮರಿಗಳಿಗೆ ಇಷ್ಟು ಬಾಯಾರಿಕೆ ಇತ್ತೆಂದು ನಾವು ಮೂವರೂ ಬೆರಗಾಗಿ ನೋಡಿದೆವು. ಆದರೆ ಮೇವಿನ ಬುಟ್ಟಿ ಮಾತ್ರ ಇದ್ದಲ್ಲೇ ಇತ್ತು.

"ಇವೂ ಹೋದ್ರ ನಾ ಮತ್ತ ನಂದು ಅಂತ ಏನೂ ಕೇಳಂಗಿಲ್ರಿ ಅಕ್ಕಾರ," ಅಂದಳು ಸೊಸೆ. ಅವಳು ಹಿಂದಿನ ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಬೈದು, ತಟ್ಟೆ ಹಚ್ಚಿಕೊಟ್ಟು, ಕೋಣೆಯ ಹೊಸ್ತಿಲ ಮೇಲೆ ಕೂರಿಸಿದೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಹೊಲದಿಂದ ಕಿತ್ತು ತಂದ ಹಸಿ ಹಕ್ಕರಕಿ. ಚಳಿಗಾಲದಲ್ಲಿ ನಮ್ಮ ಕಡೆ ಹಕ್ಕರಕಿ ಸೊಪ್ಪಿಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಬೇಯಿಸುವುದೂ ಇಲ್ಲ, ಹೆಚ್ಚುವುದೂ ಇಲ್ಲ, ಎಳೆ ಎಲೆ ಹಾಗೆಯೇ ಬಾಯಿಗೆ.

ಅವಳು ಜಗಿಯತೊಡಗಿದಾಗ ಕಣ್ಣಿನ ಸುತ್ತ ಕಪ್ಪು ಮಚ್ಚೆಯಿದ್ದ ಮರಿ ಹತ್ತಿರ ಬಂತು. ಹಾಲಿಗೆ ಬಂತೆಂದುಕೊಂಡೆವು. ಅದು ಮುಂಗಾಲನ್ನು ಅವಳ ತೊಡೆಯ ಮೇಲಿಟ್ಟು, ಮೂತಿಯನ್ನು ಅವಳ ಬಾಯಿಯ ಹತ್ತಿರ ತಂದು ಮೂಸಿತು, ತುಟಿ ನೆಕ್ಕಿತು. ಹೊರಗೆ ಇಣುಕುತ್ತಿದ್ದ ಎಲೆಯ ತುದಿಯನ್ನು ಹಿಡಿದು ಎಳೆಯಿತು. ಎಲೆ ಬಾಯಿಂದ ಬಿತ್ತು. ಮತ್ತೆ ಎತ್ತಿಕೊಂಡಿತು. ಜಗಿಯಿತು. ನುಂಗಿತು.

ಸೊಸೆ ಬಾಯಲ್ಲಿದ್ದ ತುತ್ತನ್ನು ಹಾಗೆಯೇ ಇಟ್ಟುಕೊಂಡು ನನ್ನನ್ನು ನೋಡಿದಳು. ನನಗೆ ಆಗ ಹೊಳೆಯಿತು. ಅವಕ್ಕೆ ತಾಯಿ ಇಲ್ಲವೆಂದು ನಾವೇ ಅಂದುಕೊಂಡಿದ್ದೆವು. ಅವು ಹಾಗಂದುಕೊಂಡಿರಲಿಲ್ಲ. ಹಾಲು ಕೊಟ್ಟವಳೇ ತಾಯಿ, ತಾಯಿ ತಿಂದದ್ದೇ ಮೇವು. ಇಷ್ಟು ದಿನ ಅವುಗಳ ತಾಯಿ ಒಲೆಯ ಮುಂದೆ ಕೂತು ಉಂಡು, ಬಾಯಿ ತೊಳೆದುಕೊಂಡು ಬರುತ್ತಿದ್ದಳು. ಬುಟ್ಟಿಯಲ್ಲಿದ್ದದ್ದನ್ನು ಅವಳು ಬಾಯಿಗಿಟ್ಟದ್ದನ್ನು ಅವು ಯಾವತ್ತೂ ಕಂಡಿರಲಿಲ್ಲ.

"ತಂಗಿ," ಅಂದೆ, "ಇನ್ನ ಮ್ಯಾಲ ನಿನ್ನ ಊಟ ಇಲ್ಲೇ, ಇವುಗಳ ನಡುವ."

ಮರುದಿನದಿಂದ ನಾವಿಬ್ಬರೂ ಕೋಣೆಯ ನೆಲದ ಮೇಲೆ ಕೂತು, ಬುಟ್ಟಿಗೇ ಕೈ ಹಾಕಿ ಹಕ್ಕರಕಿ ತಿಂದೆವು. ನಾನಂತೂ ಕುರಿಯಂತೆ ಬಾಯಿಂದಲೇ ಎತ್ತಿಕೊಂಡೂ ತೋರಿಸಿದೆ. ಓಣಿಯವರು ಬಾಗಿಲಲ್ಲಿ ನಿಂತು ನಕ್ಕಿದ್ದೇ ನಕ್ಕಿದ್ದು. "ನಮ್ಮ ಸೊಸಿ ಕುರಿ ಜೋಡಿ ಮೇಯಾಕ ಕುಂತಾಳ್ರೀ," ಎಂದು ಅತ್ತೆಯೂ ದನಿಗೂಡಿಸಿದರು. ಮರಿಗಳು ಬರುತ್ತಿದ್ದವು, ಬಾಯಿ ಮೂಸುತ್ತಿದ್ದವು, ಒಂದೆರಡು ಎಲೆ ತಿನ್ನುತ್ತಿದ್ದವು, ಬಾಟಲಿಯ ಹೊತ್ತಾದ ಕೂಡಲೇ ಎಲ್ಲ ಮರೆಯುತ್ತಿದ್ದವು. ಹೊಟ್ಟೆ ತುಂಬ ಹಾಲಿರುವಾಗ ಎಲೆ ಯಾರಿಗೆ ಬೇಕು?

ಡಾಕ್ಟರಿಗೆ ಫೋನು ಮಾಡಿದೆ. ಹಾಲನ್ನು ಒಮ್ಮೆಲೇ ನಿಲ್ಲಿಸಬೇಡಿ, ಆದರೆ ಮಧ್ಯಾಹ್ನದ ಹಾಲು ಬಿಟ್ಟು ನೋಡಬಹುದು, ಮರಿ ಬಿದ್ದುಹೋಗುವಂತಿದ್ದರೆ ಮತ್ತೆ ಕೊಡಿ ಅಂದರು. ಹೇಳುವುದು ಸುಲಭ. ಏಳು ಮರಿಗಳು ಸುತ್ತ ನಿಂತು ಕೂಗುವಾಗ ಬಾಟಲಿ ಅಡಗಿಸಿಡುವುದು ಸುಲಭವಲ್ಲ. ಎರಡು ಸತ್ತ ಮೇಲೆ ಉಳಿದವನ್ನು ಉಪವಾಸ ಕೆಡವು ಎನ್ನಲು ನನಗೆ ಬಾಯಿ ಬರಲಿಲ್ಲ. ಮರಿಗಳು ಅವಳವು, ಅವಳೇ ಹೇಳಲಿ ಎಂದು ಸುಮ್ಮನೆ ನಿಂತೆ. ಸೊಸೆ ಬೆಚ್ಚಗೆ ಮಾಡಿದ್ದ ಹಾಲನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹೋಗಿ ಅದನ್ನು ಹೆಪ್ಪಿನ ಗಡಿಗೆಗೆ ಸುರಿದುಬಿಟ್ಟಳು. "ಕೂಗಿದ್ರ ಕೂಗಲಿ," ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

ಕೂಗಿದವು. ಊರೆಲ್ಲ ಕೇಳುವಂತೆ ಕೂಗಿದವು. ಮಾರನೆಯ ದಿನದ ಕೂಗಿಗೆ ಅತ್ತೆ ಸುಮ್ಮನಿರಲಾಗದೆ ಎದ್ದು ಬಂದರು. ಬೈಯಲು ಬಂದರೆಂದುಕೊಂಡೆ. ಅವರು ಎಲೆ-ಅಡಿಕೆ ಉಗುಳಿ, ಬಾಯಿ ಮುಕ್ಕಳಿಸಿ, ನಮ್ಮ ನಡುವೆ ಕಾಲು ಚಾಚಿ ಕೂತು, ಒಂದು ಹಿಡಿ ಹಕ್ಕರಕಿ ಬಾಯಿಗೆ ತುರುಕಿಕೊಂಡರು. ಹಲ್ಲು ನಾಲ್ಕೋ ಐದೋ ಉಳಿದಿದ್ದ ಬಾಯಿ. ಒಂದು ಎಲೆ ನುಣ್ಣಗಾಗಲು ನಮಗಿಂತ ಎಷ್ಟೋ ಹೆಚ್ಚು ಹೊತ್ತು ದವಡೆ ಆಡಿಸಬೇಕು. ಮರಿಗಳು ನಮ್ಮಿಬ್ಬರನ್ನೂ ಬಿಟ್ಟು ಅವರ ಸುತ್ತ ನೆರೆದವು. ಒಂದು ಅವರ ಬಾಯಿಗೇ ಮೂತಿ ಹಚ್ಚಿತು. ಸೊಸೆ ನನ್ನ ಕಿವಿಯಲ್ಲಿ, "ಅಕ್ಕಾರ, ದೊಡ್ಡ ಕುರಿ ಮನ್ಯಾಗ ಇತ್ತಲ್ರಿ," ಅಂದಳು. ನಾನು ನಗು ನುಂಗಲು ಹೋಗಿ ಎಲೆ ನೆತ್ತಿಗೇರಿಸಿಕೊಂಡೆ. ಅಷ್ಟು ದಿನಗಳಲ್ಲಿ ಅವಳು ಚೇಷ್ಟೆ ಮಾಡಿದ್ದು ಅದೇ ಮೊದಲು.

ಹಕ್ಕರಕಿಯಿಂದ ಕಡಲೆ ಸೊಪ್ಪಿಗೆ ದಾಟಿದೆವು. ಅದನ್ನೂ ಹಸಿಯಾಗಿ ತಿನ್ನುವವರೇ ನಾವು. ಅಲ್ಲಿಂದ ಬನ್ನಿಯ ಟೊಂಗೆಗಳನ್ನು ಮರಿಗಳ ಬಾಯಿ ಎತ್ತರಕ್ಕೆ ತೂಗಹಾಕಿದೆವು. ಆ ಹೊತ್ತಿಗೆ ತಿನ್ನುವುದೆಂದರೇನೆಂದು ಅವಕ್ಕೆ ತಿಳಿದಿದ್ದರಿಂದ, ಬನ್ನಿಯನ್ನು ತಿಂದು ತೋರಿಸುವ ಕಷ್ಟ ನಮಗೆ ತಪ್ಪಿತು. ಕೊನೆಗೆ ತೊಗರಿ ಹೊಟ್ಟು. ಕಿಟಕಿಯ ಗೋಣಿಚೀಲ ಬಿಚ್ಚಿದೆವು. ಬಿದ್ದ ಎಲೆ ಬಿದ್ದಲ್ಲೇ ಇರಲಿ, ದಿನಾ ಸಾರಿಸಬೇಡ ಅಂದೆ. ಸೊಸೆಯ ಕೈ ಪೊರಕೆಗೆ ಹೋಗಿ ಹೋಗಿ ವಾಪಸು ಬರುತ್ತಿತ್ತು. ಮರಿಗಳು ಉಣ್ಣೆ ತಿನ್ನುವುದನ್ನು ಯಾವಾಗ ಬಿಟ್ಟವೋ ನಮಗೆ ಗೊತ್ತೇ ಆಗಲಿಲ್ಲ.

ಒಂದು ಮಧ್ಯಾಹ್ನ ಅತ್ತೆಯೇ ಕೈಸನ್ನೆ ಮಾಡಿ ಕರೆದರು. "ಬರ್ರಿ. ಗದ್ದಲ ಮಾಡಬ್ಯಾಡ್ರಿ." ಕಪ್ಪು ಮಚ್ಚೆಯ ಮರಿ ಬಾಗಿಲ ಬಿಸಿಲಿನಲ್ಲಿ ಮಲಗಿತ್ತು. ದವಡೆ ಆಡುತ್ತಿತ್ತು. ನಾನು ಕತ್ತನ್ನು ನೋಡಿದೆ. ನುಂಗಿತು. ಒಂದು ಉಸಿರು ಸುಮ್ಮನಿತ್ತು. ಆಮೇಲೆ ಬೆರಳ ತುದಿಯಷ್ಟು ಉಬ್ಬು ಕತ್ತಿನಲ್ಲಿ ಸರ್ರನೆ ಮೇಲೇರಿತು, ದವಡೆ ಮತ್ತೆ ಆಡತೊಡಗಿತು. ಅದರ ಎಡಪಕ್ಕೆಗೆ ಕಿವಿಯಿಟ್ಟೆ. ದೂರದಲ್ಲೆಲ್ಲೋ ಗುಡುಗು ಉರುಳಿದಂಥ ಸದ್ದು.

ಸೊಸೆ ಕುಣಿಯಲಿಲ್ಲ, ಬೆಲ್ಲ ತರಲೂ ಹೋಗಲಿಲ್ಲ. "ಬಾಯಾಗ ಬಟ್ಟು ಹಾಕಿ ನೋಡ್ರಿ ಅಕ್ಕಾರ," ಅಂದಳು. ಹಾಕಿದೆ. ಬೆರಳಿಗೆ ಹತ್ತಿದ್ದು ಹಸಿರು ರಸ. ಅವಳ ಮೂಗಿಗೆ ಹಿಡಿದೆ. ಮೂಸಿ, ಅಲ್ಲೇ ಹೊಸ್ತಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಉಳಿದವೂ ಒಂದೊಂದಾಗಿ ದಾರಿಗೆ ಬಂದವು. ಒಂದು ಮಾತ್ರ ಬಾಟಲಿ ಬಿಡಲಿಲ್ಲ, ಮೆಲುಕನ್ನೂ ಹಾಕಲಿಲ್ಲ. "ಅದು ಇನ್ನೂ ದೇವ್ರದು," ಎಂದು ಅತ್ತೆ ಖಡಾಖಂಡಿತವಾಗಿ ಪಕ್ಕಕ್ಕೆ ಸರಿಸಿದರು. ಆರು ಮರಿಗಳ ಕಿವಿ ಕೊಯ್ಯಲು ನನ್ನನ್ನೂ ಕರೆದರು. ಕತ್ತಿಯನ್ನು ಕಾಯಿಸಿ, ಅರಿಶಿನ ಕಲಸಿ ಇಟ್ಟಿದ್ದೆ. ಅತ್ತೆ ಮಚ್ಚೆಯ ಮರಿಯನ್ನು ಮೊಣಕಾಲ ಸಂದಿಯಲ್ಲಿ ಸಿಕ್ಕಿಸಿಕೊಂಡು, ಜೀವಮಾನದ ರೂಢಿಯಂತೆ ಎಡಗಿವಿಯನ್ನು ಹಿಡಿದರು. ಹಿಡಿದವರು ಹಾಗೆಯೇ ನಿಂತರು. ತಲೆ ಎತ್ತಿ ಸೊಸೆಯನ್ನು ನೋಡಿದರು.

"ಯಾವ ಕಿವಿ, ಹೇಳು."

ಆ ಮನೆಯಲ್ಲಿ ಅವಳನ್ನು ಯಾರಾದರೂ ಹೀಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಅವಳು ಬಗ್ಗಿ ಮರಿಯ ಎರಡೂ ಕಿವಿಗಳನ್ನು ಮುಟ್ಟಿ ನೋಡಿದಳು. ಆಮೇಲೆ, "ಬಲಗಿವಿ ರೀ," ಅಂದಳು. "ಸಣ್ಣದಾಗಿ ಕೊಯ್ರಿ."

ಕೊಯ್ದದ್ದೇ ತಡ ಮರಿ ಚೀರಿ ನೆಗೆದೋಡಿತು. ಸೊಸೆ ಗಾಬರಿಯಾಗಿ, ದೇವರ ಮರಿಗೆಂದು ಕಾಯಿಸಿಟ್ಟಿದ್ದ ಬಾಟಲಿಯನ್ನೇ ಹಿಡಿದು ಅದರ ಹಿಂದೆ ಓಡಿ, ಮೂತಿಗೆ ಹಿಡಿದಳು. ಮರಿ ಒಮ್ಮೆ ಮೂಸಿತು. ಮುಖ ತಿರುಗಿಸಿತು. ಕಿವಿ ಕೊಡವುತ್ತ ಹೋಗಿ ಬನ್ನಿ ಟೊಂಗೆಗೆ ಬಾಯಿ ಹಾಕಿತು. ಬಾಟಲಿ ಹಿಡಿದ ಕೈ ಚಾಚಿದಂತೆಯೇ ಅವಳು ನಿಂತುಬಿಟ್ಟಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಹೇಳಲು ಬಾರದು.

ಆರೂ ಮರಿಗಳ ಕೆಲಸ ಮುಗಿದ ಮೇಲೆ ಅತ್ತೆ ಅವಳ ಕೈಯಿಂದ ಬಾಟಲಿ ತೆಗೆದುಕೊಂಡರು. ಅದರಲ್ಲಿ ಅರ್ಧವನ್ನು ದೇವರ ಮರಿಗೆ ಕುಡಿಸಿದರು. ಉಳಿದ ಅರ್ಧವನ್ನು ಒಳಗೊಯ್ದು ತಾವೇ ಚಹಾಕ್ಕಿಟ್ಟರು. ಮೊದಲನೆಯ ಕಪ್ಪನ್ನು ತಂದು ಸೊಸೆಯ ಕೈಗೆ ಕೊಟ್ಟರು.